ಷೇರು ದಲ್ಲಾಳಿ ಯಾರ ಪೈಕಿ?

ನಾನು ಷೇರುಪೇಟೆಯ ಕೆಲಸಕ್ಕೆ ಸೇರಿದೆ ಅಂದಾಗ ಸಂಘಟನೆಯ ಗೆಳೆಯರಲ್ಲಿ ಇಬ್ಬರು ನಕ್ಕರು, ಒಬ್ಬ ಮಾತು ಬಿಟ್ಟ. ‘ಹೋರಾಟದ ಪದ್ಯ ಬರೀತಿದ್ದೋನು ಬಂಡವಾಳಶಾಹಿಗಳ ಜೂಜುಕಟ್ಟೇಲಿ ಹೋಗಿ ಕುಂತವ್ನೆ’ ಅಂತ ಹಾಸ್ಟೆಲಿನಲ್ಲಿ ಮಾತಾಯಿತಂತೆ. ಮಾತಾಡಿದವರೆಲ್ಲ ನನ್ನವರೇ. ಆದ್ದರಿಂದ ನನ್ನ ಪದ್ಯಗಳು ಅಚ್ಚಾದ ಇಂಥ ಪತ್ರಿಕೆಯಲ್ಲೇ ಉತ್ತರ ಬರೆಯುವುದು ಸರಿ ಅನ್ನಿಸಿತು. ಜೂಜುಕಟ್ಟೆ ಅನ್ನುವ ಮಾತು ಅರ್ಧ ನಿಜ, ಅದನ್ನು ನಾನೇ ಅಂಕಿ ಸಮೇತ ಹೇಳುತ್ತೇನೆ. ಆದರೆ ಗೆಳೆಯರೆ, ಆ ಕಟ್ಟೆಯ ಮೇಲೆ ಯಾರು ಕೂರಬಹುದು, ಯಾರು ಕೆಳಗೆ ನಿಂತು ದುಡ್ಡು ಕಟ್ಟಬೇಕು ಅನ್ನುವುದನ್ನು ಯಾರು ತೀರ್ಮಾನ ಮಾಡಿದರು? ನಾನು ಕೇಳಬೇಕಾದ್ದು ಇದು.

ಮೈಸೂರಿನ ಒಂದು ಷೇರು ಬ್ರೋಕರ್ ಕಂಪನಿಯ ಶಾಖೆಯಲ್ಲಿ ನಾನು ಡೀಲರ್. ನಮ್ಮ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವನು ನಾನೊಬ್ಬನೇ. ಬಿ.ಕಾಂ. ಮುಗಿಸಿ ಎರಡು ವರ್ಷ ಸರ್ಕಾರಿ ಕೆಲಸದ ಪರೀಕ್ಷೆಗಳನ್ನು ಬರೆದೆ. ಹಾಸ್ಟೆಲು ಬಿಡುವ ದಿನ ಬಂತು. ಸಿಕ್ಕಿದ್ದು ಇದು. ಬೆಳಿಗ್ಗೆ 9.15ಕ್ಕೆ ಪೇಟೆ ತೆರೆಯುತ್ತದೆ, ಮಧ್ಯಾಹ್ನ 3.30ಕ್ಕೆ ಮುಚ್ಚುತ್ತದೆ. ಅಷ್ಟು ಹೊತ್ತೂ ಕಿವಿಗೆ ಫೋನು. ಗಿರಾಕಿ ಹೇಳಿದ ಷೇರನ್ನು, ಹೇಳಿದಷ್ಟು, ಹೇಳಿದ ಬೆಲೆಗೆ ಕಂಪ್ಯೂಟರಿನಲ್ಲಿ ಒತ್ತಬೇಕು, ಒತ್ತುವ ಮುಂಚೆ ಒಂದು ಸಲ ಓದಿ ಹೇಳಬೇಕು. ಪ್ರತಿ ಮಾತೂ ರೆಕಾರ್ಡ್ ಆಗುತ್ತದೆ, ನಾಳೆ ‘ನಾನು ಹಂಗೆ ಹೇಳಿರಲಿಲ್ಲ’ ಅಂತ ಯಾರೂ ಅನ್ನಬಾರದು ಅಂತ. ಈ ಕುರ್ಚಿಯಲ್ಲಿ ಕೂರಲು ಎನ್‌ಐಎಸ್‌ಎಂ ಅನ್ನುವ ಸಂಸ್ಥೆಯ ಪರೀಕ್ಷೆ ಪಾಸಾಗಬೇಕು. ನೂರು ಪ್ರಶ್ನೆ, ಎರಡು ತಾಸು, ತಪ್ಪು ಉತ್ತರಕ್ಕೆ ಇದ್ದ ಅಂಕದಲ್ಲೂ ಕಾಲು ಭಾಗ ಕಡಿತ. ನಾನು ಓದಿದ್ದು ಇಂಗ್ಲಿಷ್ ಪುಸ್ತಕ. ಇಲ್ಲಿನ ಭಾಷೆಯೇ ಹಾಗೆ: ಕಾಲ್, ಪುಟ್, ಮಾರ್ಜಿನ್, ಸ್ಟಾಪ್ ಲಾಸ್. ಒಬ್ಬ ಹಿರಿಯ ರೈತ ಗಿರಾಕಿ ಇದ್ದಾರೆ, ‘ನಂಗೆ ಕಾಲೂ ಬ್ಯಾಡ ಪುಟ್ಟೂ ಬ್ಯಾಡ, ಷೇರು ಕೊಡಪ್ಪ ಸಾಕು’ ಅನ್ನುತ್ತಾರೆ. ಇಡೀ ಶಾಖೆಯಲ್ಲಿ ಅಷ್ಟು ಬುದ್ಧಿವಂತ ಗಿರಾಕಿ ಇನ್ನೊಬ್ಬರಿಲ್ಲ.

ಮನೆಯಲ್ಲಿ ಕೆಲಸದ ಹೆಸರು ಹೇಳುವುದೇ ಕಷ್ಟವಾಯಿತು. ಬ್ರೋಕರು ಅಂದರೆ ದಲ್ಲಾಳಿ. ಅಪ್ಪನಿಗೆ ಗೊತ್ತಿರುವ ದಲ್ಲಾಳಿ ಮಂಡಿಯವನು. ಟೊಮೊಟೊ ಬೆಲೆ ಏರಿದರೂ ಕಮಿಷನ್ ಹಿಡಿಯುತ್ತಾನೆ, ರೋಡಿಗೆ ಸುರಿಯುವಷ್ಟು ಬಿದ್ದರೂ ಹಿಡಿಯುತ್ತಾನೆ. ‘ದಲ್ಲಾಳಿ ಆಗಕ್ಕೆ ಬಿ.ಕಾಂ. ಯಾಕ್ಲಾ ಓದ್ದೆ’ ಅಂದ. ಷೇರು ಅಂದರೆ ಏನು ಅಂತ ಅವ್ವ ಕೇಳಿದಳು. ಪಾಲು ಕಣವ್ವ, ಪಾಲಿಗೆ ಹಸು ಕಟ್ಕೊಂಡಂಗೆ ಅಂದೆ. ನಮ್ಮ ಕೇರಿಯಲ್ಲಿ ಇದು ಎಲ್ಲರಿಗೂ ಗೊತ್ತು. ದುಡ್ಡಿರುವವನು ಹಸು ಕೊಡುತ್ತಾನೆ, ನಾವು ಮೇಯಿಸುತ್ತೇವೆ, ಹುಟ್ಟಿದ್ದರಲ್ಲಿ ಇಬ್ಬರಿಗೂ ಪಾಲು. ಕಂಪನಿ ಅನ್ನುವ ಹಸುವಿಗೆ ಸಾವಿರಾರು ಜನ ದುಡ್ಡು ಹಾಕಿರುತ್ತಾರೆ, ಅವರಿಗೆಲ್ಲ ಪಾಲು ಅಂತ ವಿವರಿಸಿದೆ. ಅವ್ವ ಒಂದು ಗಳಿಗೆ ಸುಮ್ಮನಿದ್ದು, ‘ಮೇಯ್ಸೋರು ಯಾರು ಮತ್ತೆ? ಅವರ್ಗೆ ಕರ ಬತ್ತದಾ?’ ಅಂದಳು. ನನ್ನ ಪರೀಕ್ಷೆಯ ನೂರು ಪ್ರಶ್ನೆಗಳಲ್ಲಿ ಈ ಪ್ರಶ್ನೆ ಇರಲಿಲ್ಲ.

ಅಪ್ಪನ ಅಪ್ಪ, ನಮ್ಮ ತಾತ, ದನ ನೋಡುವುದರಲ್ಲಿ ಸುತ್ತೂರಿಗೆ ಹೆಸರಾಗಿದ್ದವನಂತೆ. ಹಲ್ಲು ನೋಡಿ ವಯಸ್ಸು ಹೇಳೋನು, ಸುಳಿ ನೋಡಿ ಒಳ್ಳೇದು ಕೆಟ್ಟದ್ದು ಹೇಳೋನು, ನಡಿಗೆ ನೋಡಿ ಯಾವ ಕಾಲಲ್ಲಿ ಊನ ಅಂತ ಹೇಳೋನು. ಊರ ಗೌಡರು ದನದ ಜಾತ್ರೆಗೆ ಹೊರಟರೆ ತಾತ ಜೊತೆಗೆ ಇರಲೇಬೇಕು. ಜಾತ್ರೆಯ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಹಳ್ಳಿಯವರಿಗೆ ಹೇಳಬೇಕಿಲ್ಲ, ಪಟ್ಟಣದ ಗೆಳೆಯರಿಗಾಗಿ ಹೇಳುತ್ತೇನೆ. ದಲ್ಲಾಳಿ ಟವಲ್ಲಿನ ಕೆಳಗೆ ಕೈ ಇಡುತ್ತಾನೆ. ಕೊಳ್ಳುವವನು ಟವಲ್ಲಿನ ಕೆಳಗೆ ಆ ಕೈ ಹಿಡಿದು ಬೆರಳು ಒತ್ತುತ್ತಾನೆ. ಇಷ್ಟು ಬೆರಳು ಅಂದರೆ ಇಷ್ಟು ನೂರು, ಇಷ್ಟು ಸಾವಿರ. ಬಾಯಲ್ಲಿ ಒಂದು ಮಾತಿಲ್ಲ, ಸುತ್ತ ನಿಂತವರಿಗೆ ಬೆಲೆ ತಿಳಿಯುವುದಿಲ್ಲ. ತಾತನಿಗೆ ದನದ ಬೆಲೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೆ ಅವನ ಕೈಯನ್ನು ಟವಲ್ಲಿನ ಕೆಳಗೆ ಹಿಡಿಯುವವರು ಯಾರು? ಮುಟ್ಟದೆ ಮಾಡಲಾಗದ ವ್ಯಾಪಾರ ಅದು. ತಾತ ಬೆಲೆಯನ್ನು ಗೌಡರ ಕಿವಿಗೆ ದೂರದಿಂದ ಹೇಳೋನು, ಗೌಡರು ಬೆರಳು ಹಿಡಿಯೋರು, ದಲ್ಲಾಳಿ ರೊಕ್ಕ ಎಣಿಸಿಕೊಳ್ಳೋನು. ಸಂಜೆ ತಾತ ದನ ಹೊಡ್ಕೊಂಡು ಊರಿಗೆ ಬರೋನು.

ಈ ಕತೆ ಗೊತ್ತಿದ್ದುದರಿಂದಲೋ ಏನೋ, ಬಾಬಾ ಸಾಹೇಬರ ಜೀವನಚರಿತ್ರೆಯಲ್ಲಿ ಎಲ್ಲರೂ ದಾಟಿಕೊಂಡು ಹೋಗುವ ಒಂದೆರಡು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಕೊಲಂಬಿಯಾದಲ್ಲಿ ಅರ್ಥಶಾಸ್ತ್ರ ಓದಿ, ಲಂಡನ್ನಿನಲ್ಲಿ ಓದು ಅರ್ಧಕ್ಕೆ ನಿಂತು, 1917ರಲ್ಲಿ ಅವರು ವಾಪಸ್ಸು ಬಂದರು. ಬರೋಡೆಯ ಕೆಲಸ, ಅಲ್ಲಿ ಇರಲು ಮನೆ ಸಿಗದೆ ಪಾರ್ಸಿ ವಸತಿಗೃಹದಿಂದ ಹೊರದೂಡಿಸಿಕೊಂಡದ್ದು, ಇವೆಲ್ಲ ನಮಗೆ ಬಾಯಿಪಾಠ. ಅದಾದ ಮೇಲೆ ಬೊಂಬಾಯಿಯಲ್ಲಿ ಹೊಟ್ಟೆಪಾಡಿಗೆ ಅವರು ಏನು ಮಾಡಿದರು? ಷೇರು ವ್ಯಾಪಾರಿಗಳಿಗೆ ಸಲಹೆ ಕೊಡುವ ಒಂದು ಸಂಸ್ಥೆ ತೆರೆದರು. ಹೌದು, ಷೇರುಪೇಟೆ. ಗಿರಾಕಿಗಳು ಬಂದರು. ಸಲಹೆ ಕೊಡುವವನು ಅಸ್ಪೃಶ್ಯ ಅಂತ ಗೊತ್ತಾದ ಮೇಲೆ ಬರುವುದು ನಿಂತಿತು. ಬಾಗಿಲು ಮುಚ್ಚಬೇಕಾಯಿತು. 1918ರ ನವೆಂಬರಿನಲ್ಲಿ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. 1923ರಲ್ಲಿ ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಗ್ರಂಥ ಲಂಡನ್ನಿನಲ್ಲಿ ಅಚ್ಚಾಯಿತು. ರೂಪಾಯಿಯ ಬೆಲೆ ಏಕೆ ಏರುತ್ತದೆ, ಏಕೆ ಇಳಿಯುತ್ತದೆ ಅಂತ ಇಂಗ್ಲೆಂಡಿನ ಪಂಡಿತರ ಜೊತೆ ವಾದಕ್ಕೆ ನಿಂತ ಮನುಷ್ಯನ ಸಲಹೆ ಬೊಂಬಾಯಿಯ ಷೇರು ವ್ಯಾಪಾರಿಗೆ ಬೇಡವಾಯಿತು. ಸಲಹೆ ತಪ್ಪಾಗಿತ್ತು ಅಂತ ಯಾರೂ ಹೇಳಿಲ್ಲ. ನನ್ನನ್ನು ಕಂಡು ನಕ್ಕ ಗೆಳೆಯರು ಇದನ್ನು ಒಂದು ಸಲ ಓದಲಿ. ಅವರು ಸಂವಿಧಾನಕ್ಕೆ ಬರುವ ಮುಂಚೆ ಷೇರುಪೇಟೆಗೂ ಹೋಗಿದ್ದರು.

ಈ ಪೇಟೆ ಹುಟ್ಟಿದ ಬಗೆಯನ್ನೂ ನೋಡಬೇಕು. ಬೊಂಬಾಯಿಯ ಟೌನ್‌ಹಾಲಿನ ಎದುರು ಮರದ ನೆರಳಿನಲ್ಲಿ ನಿಂತು ಬೆರಳೆಣಿಕೆಯ ದಲ್ಲಾಳಿಗಳು ವ್ಯಾಪಾರ ಮಾಡುತ್ತಿದ್ದರು. ಅಮೆರಿಕದಲ್ಲಿ 1861ರಿಂದ 1865ರ ವರೆಗೆ ಅಂತರ್ಯುದ್ಧ. ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂತು. ಅದರಲ್ಲಿ ಧಾರವಾಡ ಸೀಮೆಯ ಹತ್ತಿಯೂ ಇತ್ತು. ಬೊಂಬಾಯಿಗೆ ದುಡ್ಡು ಹೊಳೆಯಾಗಿ ಬಂತು, ಪ್ರೇಮಚಂದ್ ರಾಯ್‌ಚಂದ್ ಅನ್ನುವ ದಲ್ಲಾಳಿ ಆ ಹೊಳೆಗೆ ರಾಜನಾದ. 1865ರಲ್ಲಿ ಯುದ್ಧ ನಿಂತಿತು, ಎಲ್ಲ ಮುರಿದುಬಿತ್ತು. ಉಳಿದ ದಲ್ಲಾಳಿಗಳು 1875ರಲ್ಲಿ ಸಂಘ ಕಟ್ಟಿಕೊಂಡರು, ಅದೇ ಇವತ್ತಿನ ಬಿಎಸ್‌ಇ. ಸೇರುವ ಶುಲ್ಕ ಆಗ 1 ರೂಪಾಯಿ ಇತ್ತಂತೆ. ಹತ್ತಿ ಬಿಡಿಸಿದ ಹೆಂಗಸರ ಕೂಲಿ ಎಷ್ಟಿತ್ತು ಅಂತ ಯಾರೂ ಬರೆದಿಟ್ಟಂತೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಒಂದು ರೂಪಾಯಿಯಾದರೆ ಯಾರು ಬೇಕಾದರೂ ಸೇರಬಹುದಿತ್ತಲ್ಲ ಅಂತ ಕೇಳಬಹುದು. ಬಾಗಿಲಿಗೆ ರೂಪಾಯಿಯ ಬೀಗಕ್ಕಿಂತ ಗಟ್ಟಿಯಾದ ಇನ್ನೊಂದು ಬೀಗ ಇರುತ್ತದೆ. ಸ್ವತಂತ್ರ ಭಾರತದ ಸರ್ಕಾರ 1957ರಲ್ಲಿ ಷೇರು ವಿನಿಮಯ ಕೇಂದ್ರಗಳಿಗೆ ನಿಯಮ ಮಾಡಿತು. ದಲ್ಲಾಳಿ ಸದಸ್ಯನಾಗುವವನಿಗೆ 21 ವರ್ಷ ತುಂಬಿರಬೇಕು, ದಿವಾಳಿ ಎದ್ದಿರಬಾರದು, ಮೋಸದ ಶಿಕ್ಷೆ ಆಗಿರಬಾರದು. ಸರಿ. ಇನ್ನೊಬ್ಬ ಸದಸ್ಯನ ಕೈಕೆಳಗೆ ಎರಡು ವರ್ಷ ದುಡಿದಿರಬೇಕು. ಅದೂ ಸರಿ, ಕಸುಬು ಕಲಿಯಬೇಕಲ್ಲ. ಮುಂದೆ ಇನ್ನೊಂದು ದಾರಿ ಹೇಳುತ್ತದೆ ಆ ನಿಯಮ. ಸತ್ತ ಅಥವಾ ನಿವೃತ್ತನಾದ ಸದಸ್ಯ ನಿಮ್ಮ ಅಪ್ಪನೋ, ಚಿಕ್ಕಪ್ಪ ದೊಡ್ಡಪ್ಪನೋ, ಅಣ್ಣತಮ್ಮನೋ, ಇಲ್ಲವೇ ಆಡಳಿತ ಮಂಡಳಿಯ ಕಣ್ಣಿಗೆ ಹತ್ತಿರದ ನೆಂಟನೋ ಆಗಿದ್ದು, ಅವನ ವ್ಯಾಪಾರ ನಿಮ್ಮ ಕೈಗೆ ಬಂದರೆ ನೀವು ಅರ್ಹರು. ಓದಿದಾಗ ನನಗೆ ನಗು ಬಂತು. ನಮ್ಮ ಕಡೆ ಹೊಸ ಮುಖ ಕಂಡರೆ ಮೊದಲು ಕೇಳುವ ಪ್ರಶ್ನೆಯೇ ಇದು: ‘ಯಾವೂರು? ಯಾರ ಪೈಕಿ?’ ಹಳ್ಳಿ ಜಗಲಿಯ ಪ್ರಶ್ನೆ ದೆಹಲಿಯ ರಾಜ್ಯಪತ್ರದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.

ಮುಂದೆ ಬಹಳ ಬದಲಾಯಿತು. 1992ರಲ್ಲಿ ಹರ್ಷದ್ ಮೆಹ್ತಾ ಬ್ಯಾಂಕುಗಳ ದುಡ್ಡನ್ನು ಷೇರಿಗೆ ತಿರುಗಿಸಿದ್ದು ಬಯಲಾಯಿತು. ಅದೇ ವರ್ಷ ಸೆಬಿಗೆ ಕಾನೂನಿನ ಬಲ ಬಂತು. 1994ರಲ್ಲಿ ಎನ್‌ಎಸ್‌ಇ ಕಂಪ್ಯೂಟರಿನಲ್ಲಿ ವ್ಯಾಪಾರ ಶುರು ಮಾಡಿತು, ಕೂಗಾಟದ ಕಟ್ಟೆಗಳು ಒಂದೊಂದಾಗಿ ಬಣಗುಟ್ಟಿದವು. 1963ರಲ್ಲಿ ಹುಟ್ಟಿದ ಬೆಂಗಳೂರಿನ ಷೇರು ವಿನಿಮಯ ಕೇಂದ್ರವೂ 2014ರ ಡಿಸೆಂಬರಿನಲ್ಲಿ ಮುಚ್ಚಿತು. ದಲ್ಲಾಳಿ ಅಂದರೆ ಈಗ ಹೆಚ್ಚಿನಂಶ ಕಂಪನಿ. ಅದರೊಳಗೆ ನನ್ನಂಥವನು ಪರೀಕ್ಷೆ ಬರೆದು ನುಗ್ಗಬಹುದು. ಕಾಗದದ ಮೇಲೆ ಬಾಗಿಲು ತೆರೆದಿದೆ, ಇದನ್ನು ಇಲ್ಲ ಅನ್ನಬಾರದು.

ಆದರೆ ಜಗಲಿಯ ಪ್ರಶ್ನೆ ಹೋಗಿಲ್ಲ. ಒಬ್ಬ ಗಿರಾಕಿ ಇದ್ದರು, ನಿವೃತ್ತ ಅಧಿಕಾರಿ. ನಾಲ್ಕು ತಿಂಗಳು ದಿನಾ ಫೋನಿನಲ್ಲಿ ನನ್ನ ಜೊತೆಯೇ ವ್ಯವಹಾರ. ‘ನಿಮ್ಮ ಲೆಕ್ಕ ಅಂದ್ರೆ ಲೆಕ್ಕ ಕಣ್ರೀ’ ಅನ್ನೋರು. ಒಂದು ದಿನ ಶಾಖೆಗೆ ಬಂದರು. ಕೈ ಕುಲುಕಿದರು. ಕಾಫಿ ಬಂತು. ಯಾವೂರು ಅಂದರು, ಹೇಳಿದೆ. ಅಲ್ಲಿ ಯಾರ ಪೈಕಿ ಅಂದರು. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ, ಕೇರಿಯ ಹೆಸರು ಹೇಳಿದೆ. ಓಹೋ, ಸಂತೋಷ ಅಂದರು. ಮಾರನೆಯ ದಿನದಿಂದ ಅವರ ಫೋನು ಪಕ್ಕದ ಮೇಜಿಗೆ ಬರತೊಡಗಿತು. ಮ್ಯಾನೇಜರನ್ನು ಕೇಳಿದರೆ ‘ಕ್ಲೈಂಟ್ ಇಷ್ಟ ಬಿಡಪ್ಪ’ ಅಂದ. ಅಷ್ಟೇ. ಯಾರೂ ಬೈಯಲಿಲ್ಲ, ಯಾರೂ ಲೋಟ ಬೇರೆ ಇಡಲಿಲ್ಲ. ಅವರು ಈಗಲೂ ಎದುರಿಗೆ ಸಿಕ್ಕರೆ ನಗುತ್ತಾರೆ. ಉಳಿದ ಗಿರಾಕಿಗಳು ನನ್ನ ಜೊತೆಗೇ ಇದ್ದಾರೆ, ಅದನ್ನೂ ಹೇಳಬೇಕು. ಫೋನಿನಲ್ಲಿ ನನ್ನ ಧ್ವನಿಗೆ ಕೇರಿ ಇರಲಿಲ್ಲ, ಕುರ್ಚಿಗೆ ಬಂದ ಕೂಡಲೇ ಬಂತು. ನೂರು ವರ್ಷದಲ್ಲಿ ಆಗಿರುವ ಬದಲಾವಣೆಯನ್ನು ಅಳೆಯುವುದಾದರೆ ಇಷ್ಟು ಅಂತ ಇಟ್ಟುಕೊಳ್ಳಿ: ಅಂದು ಬಾಗಿಲು ಮುಚ್ಚಿತು, ಇಂದು ಒಂದು ಫೋನು ಪಕ್ಕಕ್ಕೆ ಹೋಯಿತು.

ಈ ಕಸುಬಿನಲ್ಲಿ ನಂಬಿಕೆ ಅನ್ನುವ ಮಾತನ್ನು ದಿನಕ್ಕೆ ಹತ್ತು ಸಲ ಆಡುತ್ತಾರೆ. ನಂಬಿಕಸ್ತ ಮನೆತನ, ನಂಬಿಕಸ್ತ ಹೆಸರು. 2019ರ ನವೆಂಬರಿನಲ್ಲಿ ಕಾರ್ವಿ ಅನ್ನುವ ಹೈದರಾಬಾದಿನ ದೊಡ್ಡ ಬ್ರೋಕರ್ ಕಂಪನಿ ಗಿರಾಕಿಗಳ ಷೇರನ್ನು ಅಡವಿಟ್ಟು ಸಾಲ ಎತ್ತಿದೆ ಅಂತ ಸೆಬಿ ಹಿಡಿಯಿತು. ಲಕ್ಷಾಂತರ ಜನ ನಂಬಿದ್ದ ಹೆಸರು ಅದು. ಹರ್ಷದ್ ಮೆಹ್ತಾನನ್ನೂ ಜನ ದೇವರಂತೆ ನಂಬಿದ್ದರು.

ಇನ್ನು ಜೂಜುಕಟ್ಟೆಯ ಮಾತಿಗೆ ಬರುತ್ತೇನೆ. ನನಗೆ ಸಂಬಳದ ಜೊತೆ ಟಾರ್ಗೆಟ್ ಇದೆ: ತಿಂಗಳಿಗೆ ಇಪ್ಪತ್ತು ಹೊಸ ಖಾತೆ. ಎಲ್ಲಿಂದ ತರುವುದು? ‘ನಿನ್ನ ಸರ್ಕಲ್‌ನಲ್ಲಿ ಟ್ರೈ ಮಾಡು’ ಅನ್ನುತ್ತಾರೆ. ಪಕ್ಕದ ಮೇಜಿನ ಹುಡುಗನ ಸರ್ಕಲ್ಲಿನಲ್ಲಿ ಡಾಕ್ಟರು ಮಾವ, ಅಕ್ಕಿ ಗಿರಣಿಯ ದೊಡ್ಡಪ್ಪ, ಅಮೆರಿಕದಲ್ಲಿರುವ ಭಾವ. ನನ್ನ ಸರ್ಕಲ್ ನಮ್ಮ ಕೇರಿ. ಸ್ತ್ರೀಶಕ್ತಿ ಸಂಘದ ಸಾಲ, ಗಾರೆ ಕೆಲಸದ ಕೂಲಿ, ಕುರಿ ಮಾರಿದ ದುಡ್ಡು. ಆ ದುಡ್ಡು ಒಳ್ಳೆಯ ಷೇರಿಗೆ ಹೋಗಿ ಹತ್ತು ವರ್ಷ ಇರುವುದಾದರೆ ನನಗೇನೂ ತಕರಾರಿಲ್ಲ. ಆದರೆ ಹಾಗೆ ಇಟ್ಟು ಸುಮ್ಮನೆ ಕೂರುವ ಗಿರಾಕಿಯಿಂದ ದಲ್ಲಾಳಿಗೆ ಏನು ಸಿಗುತ್ತದೆ? ಕೊಂಡಾಗ ಒಂದು ಸಲ, ಮಾರಿದಾಗ ಒಂದು ಸಲ. ದಿನಕ್ಕೆ ಇಪ್ಪತ್ತು ಸಲ ಕೊಂಡು ಮಾರುವವನು ಬೇಕು. ಅದಕ್ಕೆ ಇರುವುದು ಎಫ್ ಆಂಡ್ ಓ. ಷೇರೇ ಕೊಳ್ಳದೆ, ಬೆಲೆ ಏರುತ್ತದೆಯೋ ಇಳಿಯುತ್ತದೆಯೋ ಅನ್ನುವುದರ ಮೇಲೆ ಸಣ್ಣ ದುಡ್ಡು ಕಟ್ಟಿ ಆಪ್ಷನ್ ಕೊಳ್ಳುವುದು. ಗಡುವಿನೊಳಗೆ ಬೆಲೆ ನೀವು ಅಂದುಕೊಂಡ ಕಡೆ ಹೋಗದಿದ್ದರೆ ಕಟ್ಟಿದ್ದು ಸೊನ್ನೆ.

ಸೆಬಿಯೇ ಲೆಕ್ಕ ಕೊಟ್ಟಿದೆ. 2024ರ ಸೆಪ್ಟೆಂಬರಿನ ಅದರ ಅಧ್ಯಯನದ ಪ್ರಕಾರ 2021-22ರಿಂದ 2023-24ರ ವರೆಗಿನ ಮೂರು ವರ್ಷದಲ್ಲಿ ಈ ವ್ಯಾಪಾರ ಮಾಡಿದ ಒಂದು ಕೋಟಿಗೂ ಹೆಚ್ಚು ಬಿಡಿ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು. ತಲಾ ಸುಮಾರು 2 ಲಕ್ಷ ರೂಪಾಯಿ. ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ಕಳೆದುಕೊಂಡದ್ದು ಎಲ್ಲಿ ಹೋಯಿತು? 2023-24 ಒಂದೇ ವರ್ಷದಲ್ಲಿ ಸ್ವಂತ ದುಡ್ಡಿನಲ್ಲಿ ಆಡುವ ದೊಡ್ಡ ಸಂಸ್ಥೆಗಳಿಗೆ 33 ಸಾವಿರ ಕೋಟಿ, ವಿದೇಶಿ ಹೂಡಿಕೆದಾರರಿಗೆ 28 ಸಾವಿರ ಕೋಟಿ ಲಾಭ, ಖರ್ಚು ಕಳೆಯುವ ಮುಂಚಿನ ಲೆಕ್ಕದಲ್ಲಿ. ಅದರಲ್ಲಿ ಬಹುಪಾಲು ಮನುಷ್ಯರ ಕೈ ಮುಟ್ಟದೆ ಕಂಪ್ಯೂಟರ್ ತಾನೇ ಮಾಡಿದ ವ್ಯಾಪಾರ. ಆ ವರ್ಷ ಆಡಿದ ಬಿಡಿ ಜನರಲ್ಲಿ ನೂರಕ್ಕೆ 43 ಮಂದಿ 30 ವರ್ಷದೊಳಗಿನವರು. ನೂರಕ್ಕೆ 75ಕ್ಕಿಂತ ಹೆಚ್ಚು ಮಂದಿಯ ವರ್ಷದ ವರಮಾನ 5 ಲಕ್ಷಕ್ಕಿಂತ ಕಡಿಮೆ. ನೂರಕ್ಕೆ 72 ಮಂದಿ ದೊಡ್ಡ ಮೂವತ್ತು ನಗರಗಳ ಆಚೆಯವರು. ಸೆಬಿ ಜಾತಿ ಕೇಳಲಿಲ್ಲ, ಆ ಲೆಕ್ಕ ನಮಗೆ ಸಿಗುವುದಿಲ್ಲ. ಆದರೆ ಮೂವತ್ತರೊಳಗಿನ, ಸಣ್ಣ ಊರಿನ, ಕಡಿಮೆ ಸಂಬಳದ ಹುಡುಗ ಅಂದರೆ ಯಾರು ಅಂತ ನಿಮ್ಮ ಹಾಸ್ಟೆಲಿನ ಕೋಣೆಯೊಳಗೆ ಒಮ್ಮೆ ಕಣ್ಣಾಡಿಸಿ.

ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ನಲವತ್ತು ಸಾವಿರ ಹಿಡಿದುಕೊಂಡು ಬಂದ. ‘ಅಣ್ಣ, ನಿನ್ ಕೈಲೇ ಖಾತೆ ಮಾಡುಸ್ಬುಡು, ನಿಂಗೂ ಟಾರ್ಗೆಟ್ ಆಯ್ತದೆ’ ಅಂದ. ಎಫ್ ಆಂಡ್ ಓ ಬೇಕು ಅಂದ. ಮೇಲಿನ ಲೆಕ್ಕವನ್ನೆಲ್ಲ ಅವನ ಮುಂದೆ ಇಟ್ಟೆ. ನೂರಕ್ಕೆ ಏಳು ಜನ ಗೆದ್ದವ್ರಲ್ಲ ಅಂದ. ನೀನು ಆ ಏಳರಲ್ಲಿ ಇರ್ತೀಯ ಅಂತ ಏನಪ್ಪ ಗ್ಯಾರಂಟಿ ಅಂದೆ. ಆಗ ಅವನು ಹೇಳಿದ ಮಾತು ಇವತ್ತಿಗೂ ನನ್ನ ಎದೆಯೊಳಗೆ ಮುಳ್ಳಿನಂತಿದೆ. ‘ನೀನು ಮಾತ್ರ ಪೇಟೆ ಒಳಗೆ ಇರ್ಬೈದು, ನಾವು ಬರಬಾರ್ದಾ? ಗುಡಿ ಬಾಗಿಲಲ್ಲಿ ನಿಂತು ಅವರು ಹೇಳದೂ ಇದನ್ನೇ ಅಲ್ವಾ?’

ಅಲ್ಲ ಅಂತ ನಾನು ಹೇಳಬಲ್ಲೆ, ಹೇಳಿದೆ ಕೂಡ. ಕಂಪನಿಯ ಪಾಲು ಕೊಳ್ಳುವುದು ಬೇರೆ, ಬೆಲೆಯ ಮೇಲೆ ಬಾಜಿ ಕಟ್ಟುವುದು ಬೇರೆ. ನಮ್ಮವರಿಗೆ ಬೇಕಾದ್ದು ಮೊದಲನೆಯದು, ನಮ್ಮವರಿಗಾಗಿ ಬಾಗಿಲು ತೆಗೆದಿರುವುದು ಎರಡನೆಯದಕ್ಕೆ. ಭೂಮಿ ಹಂಚುವಾಗ ನಮಗೆ ಕಲ್ಲುಗುಡ್ಡ ಬರೆದುಕೊಟ್ಟ ಹಾಗೆ. ಆದರೆ ಅವನಿಗೆ ಕೇಳಿಸಿದ್ದು ‘ಬೇಡ’ ಅನ್ನುವ ಒಂದೇ ಮಾತು. ಆ ಮಾತನ್ನು ನಮ್ಮವರು ಎಷ್ಟು ಸಲ ಕೇಳಿದ್ದಾರೆ ಅಂದರೆ, ಯಾರ ಬಾಯಿಂದ ಬಂದರೂ ಅದು ಒಂದೇ ಧ್ವನಿಯಲ್ಲಿ ಕೇಳುತ್ತದೆ. ಅವನು ಎದ್ದು ಹೋದ. ಫೋನಿನೊಳಗಿನ ಇನ್ನೊಂದು ಆಪಿನಲ್ಲಿ ಖಾತೆ ಮಾಡಿಕೊಂಡನಂತೆ. ಆಪು ಯಾರ ಪೈಕಿ ಅಂತ ಕೇಳುವುದಿಲ್ಲ. ಅಷ್ಟರ ಮಟ್ಟಿಗೆ ಅದು ನಮ್ಮ ನಿವೃತ್ತ ಅಧಿಕಾರಿಗಿಂತ ಮೇಲು. ಯುಗಾದಿಗೆ ಅವನು ಬಸ್ಸಿನಲ್ಲಿ ಬಂದ. ಗಾಡಿ ಎಲ್ಲೋ ಅಂತ ಚಿಕ್ಕವ್ವ ಕೇಳಿದರೆ ರಿಪೇರಿಗೆ ಬುಟ್ಟಿವ್ನಿ ಅಂದ. ನಾನು ಏನೂ ಕೇಳಲಿಲ್ಲ.

ಇದನ್ನು ಓದುವ ಮೇಷ್ಟ್ರುಗಳಿಗೆ ಒಂದು ಮಾತು. ಷೇರುಪೇಟೆ ನಮ್ಮದಲ್ಲ ಅಂತ ನೀವು ಭಾಷಣದಲ್ಲಿ ಹೇಳುತ್ತೀರಿ. ನೀವು 2006ರ ಏಪ್ರಿಲ್ 1ರ ನಂತರ ಸರ್ಕಾರಿ ಕೆಲಸಕ್ಕೆ ಸೇರಿ ಎನ್‌ಪಿಎಸ್ ಅಡಿ ಬಂದವರಾದರೆ, ಸಂಬಳದಿಂದ ಮುರಿದುಕೊಂಡ ನಿಮ್ಮ ಪಿಂಚಣಿ ದುಡ್ಡಿನ ಒಂದು ಪಾಲು ಷೇರಿಗೆ ಹೋಗಿದೆ. ನೀವು ಬೇಡ ಅಂದರೂ ಒಳಗೇ ಇದ್ದೀರಿ. ಯಾವ ಕಂಪನಿಗೆ ಹೋಯಿತು, ಅದನ್ನು ಮೇಯಿಸುವವರಿಗೆ ಏನು ಕೂಲಿ ಅಂತ ಕೇಳುವ ಹಕ್ಕು ನಿಮಗಿದೆ. ಆದರೆ ಕೇಳಲು ಆ ಭಾಷೆ ಬರಬೇಕು. ಆ ಭಾಷೆ ಕಲಿಯುವುದಕ್ಕೆ ನಮ್ಮವರಲ್ಲಿ ಯಾರಾದರೂ ಹೋಗಿ ಒಳಗೆ ಕೂರಬೇಡವೇ? ಸುಳಿ ನೋಡಲು ತಾತನಿಗೆ ಬರುತ್ತಿತ್ತು, ಬೆರಳು ಎಣಿಸಲು ಬಿಡಲಿಲ್ಲ. ಎರಡೂ ಬರುವ ಒಬ್ಬನಾದರೂ ಬೇಕು.

ಹೂಡಿಕೆ ಸಲಹೆಗಾರರಿಗೆ ಅಂತಲೇ ಸೆಬಿ 2013ರಲ್ಲಿ ಬೇರೆ ನೋಂದಣಿ ತಂದಿತು. ಪದವಿ ಬೇಕು, ಎರಡು ಪರೀಕ್ಷೆ ಪಾಸಾಗಬೇಕು, ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಸಲಹೆಗಾರ ಗಿರಾಕಿಯಿಂದ ಫೀಜು ಪಡೆಯುತ್ತಾನೆ, ಅವನು ಎಷ್ಟು ಸಲ ಕೊಂಡ, ಎಷ್ಟು ಸಲ ಮಾರಿದ ಅನ್ನುವುದರ ಮೇಲೆ ಇವನ ಅನ್ನ ನಿಂತಿರುವುದಿಲ್ಲ. ಬಾಬಾ ಸಾಹೇಬರು ಬೊಂಬಾಯಿಯಲ್ಲಿ ತೆರೆದು ಮುಚ್ಚಿದ ಅಂಗಡಿ ಸುಮಾರಾಗಿ ಇದೇ. ನಾನು ಓದುತ್ತಿರುವುದು ಆ ಪರೀಕ್ಷೆಗೆ. ಮೊದಲನೆಯದರ ಶುಲ್ಕ ಕಟ್ಟಿಯಾಗಿದೆ. ಠೇವಣಿಯ ದುಡ್ಡು ಇನ್ನೂ ಕೂಡಿಲ್ಲ.

ಕಳೆದ ತಿಂಗಳು ಇಪ್ಪತ್ತು ಖಾತೆಗೆ ನಾನು ತಂದದ್ದು ಆರು. ನಾಲ್ಕು ಪ್ರೈಮರಿ ಸ್ಕೂಲಿನ ಮೇಷ್ಟ್ರುಗಳದ್ದು, ಒಂದು ಆಶಾ ಕಾರ್ಯಕರ್ತೆಯದ್ದು, ಒಂದು ಕಾಲೂ ಬ್ಯಾಡ ಪುಟ್ಟೂ ಬ್ಯಾಡ ಅನ್ನುವ ರೈತರು ಕಳಿಸಿದ ಅವರ ಸೊಸೆಯದ್ದು. ಆರರಲ್ಲಿ ಒಂದಕ್ಕೂ ಎಫ್ ಆಂಡ್ ಓ ಇಲ್ಲ. ಮ್ಯಾನೇಜರು ಪಟ್ಟಿ ನೋಡಿ, ‘ಏನಪ್ಪ ಇದು, ಇವರೆಲ್ಲ ಕೊಂಡು ಹಂಗೇ ಇಟ್ಕೊಂಡು ಕೂತ್ಕೋತಾರೆ’ ಅಂದ. ಮಾರ್ಚಿ ಮುಗಿದ ಮೇಲೆ ಯಾರನ್ನು ಉಳಿಸಿಕೊಳ್ಳುವುದು ಅಂತ ಮೇಲಿನವರು ತೀರ್ಮಾನ ಮಾಡುತ್ತಾರಂತೆ.